ರಿಪೋರ್ಟು ಒಬ್ಬರದು, ಲೆಕ್ಕ ಮನೆಯದು

ಹುಣಸೂರು, ಪಿರಿಯಾಪಟ್ಟಣದ ಕಡೆ ರಕ್ತಪರೀಕ್ಷೆಗೂ ಒಂದು ಸುಗ್ಗಿ ಇದೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಹೊಗೆಸೊಪ್ಪು ಬೇಯಿಸುವ ಕಾಲ. ರಾತ್ರಿಯೆಲ್ಲ ಬ್ಯಾರನ್ನಿನ ಒಲೆಗೆ ಸೌದೆ ನೂಕುತ್ತ, ಒಳಗಿನ ಕಾವು ಹದ ತಪ್ಪದಂತೆ ಕಾಯುತ್ತ ಕೂತವನಿಗೆ ತನ್ನ ಮೈಯ ನೆನಪಾಗುವುದಿಲ್ಲ. ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಯಲ್ಲಿ ಬೇಲು ಮಾರಾಟವಾಗಿ ಖಾತೆಗೆ ದುಡ್ಡು ಬಿದ್ದ ಮೇಲೆ ಲ್ಯಾಬಿನ ಮುಂದೆ ಬೈಕುಗಳು ನಿಲ್ಲತೊಡಗುತ್ತವೆ. ಗಂಡ, ಹೆಂಡತಿ, ಕೈಯಲ್ಲೊಂದು ನೀರಿನ ಬಾಟಲಿ. ಸಂಜೆ ರಿಪೋರ್ಟು ಕೈಗೆ ಕೊಟ್ಟರೆ ಅದನ್ನು ತಿರುಗಿಸಿಯೂ ನೋಡದೆ ಕೇಳುತ್ತಾರೆ: “ಶುಗರ್ ಬಂದದಾ, ಇಲ್ವಾ? ಅಷ್ಟು ಹೇಳಿ ಸಾರ್ ಸಾಕು.”

ನಾನು ಡಾಕ್ಟರಲ್ಲ. ಹುಣಸೂರಿನಲ್ಲಿ ರಕ್ತ ತೆಗೆದು, ಯಂತ್ರಕ್ಕೆ ಹಾಕಿ, ಅಂಕಿ ಬರೆದುಕೊಟ್ಟು ತಲೆ ನರೆತ ಲ್ಯಾಬ್ ಟೆಕ್ನಿಷಿಯನ್. 240 ಬಂದವರಿಗೆ ಹೇಳುವುದು ಸುಲಭ. ಅವರಿಗೇ ಅರ್ಧ ಗೊತ್ತಿರುತ್ತದೆ. ರಾತ್ರಿ ನಾಲ್ಕು ಸಲ ಎದ್ದು ಹೋಗಿರುತ್ತಾರೆ, ಉಡುದಾರ ಸಡಿಲವಾಗಿರುತ್ತದೆ. 86 ಬಂದವರು ಕಾಗದ ಮಡಚಿ ಜೇಬಿಗಿಟ್ಟು ಎದುರಿನ ಹೋಟೆಲಿಗೆ ನಡೆಯುತ್ತಾರೆ. ಕಷ್ಟ ಇರುವುದು 104ಕ್ಕೆ, 112ಕ್ಕೆ, 119ಕ್ಕೆ. “ಬಾರ್ಡರ್‌ನಲ್ಲಿದೆ” ಅನ್ನುತ್ತೇವೆ. ಹಾಗೆಂದ ಕೂಡಲೇ ಜನ ಎರಡು ಪಂಗಡ ಆಗುತ್ತಾರೆ. ಒಂದು ಪಂಗಡದವರು “ಹಂಗಾದ್ರೆ ಇನ್ನೂ ಬಂದಿಲ್ಲ” ಎಂದು ನಿರಾಳವಾಗಿ ಹೋಗಿ ಮುಂದಿನ ಹರಾಜಿನವರೆಗೆ ಇತ್ತ ತಲೆ ಹಾಕುವುದಿಲ್ಲ. ಇನ್ನೊಂದು ಪಂಗಡದವರು ಅಂದೇ ರಾತ್ರಿ ಅನ್ನ ಬಿಡುತ್ತಾರೆ, ಬೆಳಗ್ಗೆ ಹಾಗಲಕಾಯಿ ರಸ ಕುಡಿಯುತ್ತಾರೆ, ಪಕ್ಕದ ಮನೆಯ ಹಿತ್ತಲಿನಿಂದ ಇನ್ಸುಲಿನ್ ಗಿಡದ ಎಲೆ ತಂದು ಅಗಿಯುತ್ತಾರೆ, ಹದಿನೈದು ದಿನಕ್ಕೆ ಬೇಸತ್ತು ಎಲ್ಲ ಬಿಡುತ್ತಾರೆ. ಎರಡೂ ಕಡೆಯವರು ಆ ಅಂಕಿಯನ್ನು ತಮ್ಮೊಬ್ಬರದೇ ಎಂದುಕೊಂಡಿರುತ್ತಾರೆ. ನನ್ನ ತಕರಾರು ಅಲ್ಲಿರುವುದು. 112 ಒಂಟಿಯಾಗಿ ಏನನ್ನೂ ಹೇಳುವುದಿಲ್ಲ. ಅದು ಯಾವ ಮನೆಯ 112 ಎಂದು ಕೇಳಬೇಕು.

ಮೊದಲು ಆ ಗೆರೆಗಳ ವಿಚಾರ. ಖಾಲಿ ಹೊಟ್ಟೆಯ ಸಕ್ಕರೆ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಅದಕ್ಕೂ ಮೇಲೆ ಎರಡು ಸಲ ಬಂದರೆ ಮಧುಮೇಹ ಎನ್ನುತ್ತಾರೆ. ಇದು ಕಲ್ಲಿನ ಮೇಲೆ ಕೆತ್ತಿದ್ದೇನಲ್ಲ. 1997ರವರೆಗೆ ಗೆರೆ 140ರಲ್ಲಿತ್ತು. ಯಾವ ಮಟ್ಟದಿಂದ ಕಣ್ಣಿನ ಅಕ್ಷಿಪಟಲಕ್ಕೆ ಏಟು ಬೀಳತೊಡಗುತ್ತದೆ ಎಂದು ಲೆಕ್ಕ ನೋಡಿ ಅಮೆರಿಕದ ಮಧುಮೇಹ ಸಂಘದ ತಜ್ಞರು ಅದನ್ನು 126ಕ್ಕೆ ಇಳಿಸಿದರು. ಅದರ ಕೆಳಗಿನ ನಡುಪಟ್ಟಿ, ಅಂದರೆ ನಾವು ‘ಬಾರ್ಡರ್’ ಅನ್ನುವುದು, 110ರಿಂದ ಶುರುವಾಗುತ್ತಿತ್ತು. 2003ರಲ್ಲಿ ಅದೇ ಸಂಘ ಅದನ್ನೂ 100ಕ್ಕೆ ತಂದಿತು. ವಿಶ್ವ ಆರೋಗ್ಯ ಸಂಸ್ಥೆ ಮಾತ್ರ 110ರಲ್ಲೇ ನಿಂತಿತು. ಹೀಗಾಗಿ ಒಂದೇ ಬೀದಿಯ ಎರಡು ಲ್ಯಾಬುಗಳಲ್ಲಿ ಒಬ್ಬರು ‘70ರಿಂದ 100’ ಎಂದೂ ಇನ್ನೊಬ್ಬರು ‘70ರಿಂದ 110’ ಎಂದೂ ಅಚ್ಚು ಹಾಕಿಸಿರುತ್ತಾರೆ. ಒಂದೇ 105 ಇಲ್ಲಿ ದಪ್ಪಕ್ಷರದಲ್ಲಿ ಬರುತ್ತದೆ, ಅಲ್ಲಿ ಸಣ್ಣಕ್ಷರದಲ್ಲಿ. ಜನ ದಪ್ಪಕ್ಷರ ನೋಡಿ ಹೆದರುತ್ತಾರೆ, ಅಷ್ಟೇ.

ಇನ್ನು ಅಂಕಿ ಹುಟ್ಟುವ ಬಗೆ. ಇದನ್ನು ಯಾರೂ ಹೇಳುವುದಿಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಮೈಯಿಂದ ಹೊರಗೆ ಬಂದ ರಕ್ತ ಸತ್ತಿರುವುದಿಲ್ಲ. ಕೊಳವೆಯೊಳಗೂ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಇಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಇಳಿಯುತ್ತದೆ. ಸೆಖೆಗೆ ಇನ್ನೂ ಜಾಸ್ತಿ. ಹೋಬಳಿಯಲ್ಲಿ ಬೆಳಗ್ಗೆ 7 ಗಂಟೆಗೆ ತೆಗೆದ ರಕ್ತವನ್ನು ಡಬ್ಬಿಯಲ್ಲಿಟ್ಟು, ಬಸ್ಸಿನ ಡ್ರೈವರ್ ಪಕ್ಕದ ಇಂಜಿನ್ ಮೇಲಿಟ್ಟು ತಾಲ್ಲೂಕಿಗೆ ಕಳಿಸಿ, 10 ಗಂಟೆಗೆ ಯಂತ್ರಕ್ಕೆ ಹಾಕಿದರೆ ನಿಜವಾದ 118 ನೂರರ ಆಸುಪಾಸು ತೋರಿಸಬಹುದು. ‘ನಾರ್ಮಲ್’ ಎಂದು ಅಚ್ಚಾಗಿ ಬರುತ್ತದೆ. ಬೂದು ಮುಚ್ಚಳದ ಫ್ಲೋರೈಡ್ ಕೊಳವೆ ಇರುವುದು ಇದನ್ನು ತಡೆಯಲಿಕ್ಕೆ. ಅದೂ ಪೂರ್ತಿ ಹಿಡಿತಕ್ಕೆ ತರಲು ಒಂದೆರಡು ಗಂಟೆ ತೆಗೆದುಕೊಳ್ಳುತ್ತದೆ. ಆದ್ದರಿಂದ ರಕ್ತ ಕೊಡುವಾಗ “ಇಲ್ಲೇ ನೋಡ್ತೀರೋ, ಮೈಸೂರಿಗೆ ಕಳಿಸ್ತೀರೋ?” ಎಂದು ಕೇಳಿ. ಕೇಳಿದರೆ ನಮ್ಮವರಿಗೆ ಕೋಪ ಬರಬಹುದು. ಬರಲಿ.

ಬೆರಳಿಗೆ ಚುಚ್ಚಿ ನೋಡುವ ಗ್ಲುಕೋಮೀಟರಿಗೆ ನಿಯಮವೇ ನೂರಕ್ಕೆ ಹದಿನೈದರಷ್ಟು ಆಚೀಚೆ ಒಪ್ಪಿದೆ. ಸಕ್ಕರೆ ಕಾಯಿಲೆ ಇರುವವರು ದಿನದಿನದ ಏರಿಳಿತ ನೋಡಿಕೊಳ್ಳಲು ಅದು ಒಳ್ಳೆಯ ಸಾಧನ. 112 ಹೌದೋ 126 ಹೌದೋ ಎಂದು ತೀರ್ಮಾನಿಸಲು ಅಲ್ಲ. ಬಾಳೆಹಣ್ಣು ಸುಲಿದ ಕೈ ತೊಳೆಯದೆ ಬಂದು ಕೂತವರಿಗೆ ಬೆರಳಿನ ಸಕ್ಕರೆಯೂ ಸೇರಿ ಬರುತ್ತದೆ. ಖಾಲಿ ಹೊಟ್ಟೆ ಎಂದರೆ ಎಂಟು ಗಂಟೆ ನೀರಲ್ಲದೆ ಬೇರೇನೂ ಇಲ್ಲ ಎಂದರ್ಥ. ನಮ್ಮಲ್ಲಿ ಕಾಫಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. “ಏನೂ ತಿಂದಿಲ್ಲ ಸಾರ್, ಬರೀ ಕಾಫಿ.” ಬೆಲ್ಲದ ಕಾಫಿಯಾದರೆ ಅದಕ್ಕೆ ಔಷಧದ ಮರ್ಯಾದೆ ಬೇರೆ. ರಿಪೋರ್ಟು ಚೆನ್ನಾಗಿ ಬರಲಿ ಎಂದು ಮೂರು ದಿನದಿಂದ ಮುದ್ದೆ ಅನ್ನ ಎರಡೂ ಬಿಟ್ಟು, ಸೌತೆಕಾಯಿ ತಿಂದು ಬಂದವರನ್ನೂ ನೋಡಿದ್ದೇನೆ. ಪರೀಕ್ಷೆ ಪಾಸಾಗಬೇಕೆಂಬ ಆಸೆ!

ನಿಜ ತಿಳಿಯಬೇಕಾದರೆ ಗ್ಲುಕೋಸ್ ಕುಡಿದು ಮಾಡುವ ಪರೀಕ್ಷೆಯೇ ಆಗಬೇಕು. 75 ಗ್ರಾಂ ಗ್ಲುಕೋಸ್ ನೀರಿನಲ್ಲಿ ಕದಡಿ ಐದು ನಿಮಿಷದೊಳಗೆ ಕುಡಿದು, ಎರಡು ಗಂಟೆ ಕೂತಲ್ಲೇ ಕೂತು, ಮತ್ತೆ ರಕ್ತ ಕೊಡಬೇಕು. 140ಕ್ಕಿಂತ ಕಡಿಮೆ ಬಂದರೆ ಸರಿ, 140ರಿಂದ 199 ಮಧುಮೇಹ ಪೂರ್ವಸ್ಥಿತಿ, 200 ಮುಟ್ಟಿದರೆ ಮಧುಮೇಹ. ಎರಡು ಗಂಟೆ ಕೂರಿಸುವುದೇ ಕಷ್ಟ. ಗೊಬ್ಬರದಂಗಡಿಗೆ ಹೋಗಿ ಬರುತ್ತೇನೆ ಎಂದು ಹೋದವರು ಊಟವನ್ನೂ ಮುಗಿಸಿ ಬರುತ್ತಾರೆ. ಆದರೂ ಇದನ್ನು ಬಿಟ್ಟರೆ ಬೇರೆ ದಾರಿ ಕಡಿಮೆ. ನಮ್ಮ ಜನರಲ್ಲಿ ಅನೇಕರಿಗೆ ಬೆಳಗಿನ ಅಂಕಿ ಸಾಧುವಾಗಿದ್ದು ಉಂಡ ಮೇಲಿನದು ಎದ್ದು ನಿಲ್ಲುತ್ತದೆ.

“ಅದೆಲ್ಲ ಯಾಕೆ, ಮೂರು ತಿಂಗಳ ಶುಗರ್ ನೋಡಿಬಿಡಿ” ಎನ್ನುವವರು ಈಗ ಹೆಚ್ಚು. ಎಚ್‌ಬಿಎ1ಸಿ ಎಂಬ ಪರೀಕ್ಷೆ. ಖಾಲಿ ಹೊಟ್ಟೆ ಬೇಡ, ಕಾಯುವುದು ಬೇಡ, 5.7ರಿಂದ 6.4 ನಡುಪಟ್ಟಿ, 6.5 ಆದರೆ ಮಧುಮೇಹ. ಮೂರು ದಿನದ ಉಪವಾಸಕ್ಕೆ ಅದು ಮೋಸ ಹೋಗುವುದಿಲ್ಲ ಎಂಬುದು ನಿಜ. ಆದರೆ ಅದು ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. ಕಣ ಸುಮಾರು 120 ದಿನ ಬದುಕುತ್ತದೆ ಎಂಬ ನಂಬಿಕೆಯ ಮೇಲೆ ಆ ಲೆಕ್ಕ ನಿಂತಿದೆ. ಹೆಗ್ಗಡದೇವನಕೋಟೆ, ಸರಗೂರು, ಹುಣಸೂರು ಕಾಡಂಚಿನ ಹಾಡಿಗಳಲ್ಲಿ ಆ ನಂಬಿಕೆ ಕೈಕೊಡುತ್ತದೆ. ಅಲ್ಲಿನ ಬುಡಕಟ್ಟುಗಳಲ್ಲಿ ಸಿಕಲ್ ಸೆಲ್ ರಕ್ತಹೀನತೆ ಇದೆ. ಕೇಂದ್ರ ಸರ್ಕಾರ 2023ರಲ್ಲಿ ಅದರ ನಿರ್ಮೂಲನೆಗೆಂದೇ ರಾಷ್ಟ್ರೀಯ ಅಭಿಯಾನ ಶುರು ಮಾಡಿತು. ಆ ಕಾಯಿಲೆ ಇದ್ದವರ ರಕ್ತಕಣ ಬೇಗ ಸಾಯುತ್ತದೆ, ಸಕ್ಕರೆ ಅಂಟಲು ಪುರಸೊತ್ತೇ ಇರುವುದಿಲ್ಲ, ಎಚ್‌ಬಿಎ1ಸಿ ಸುಳ್ಳಾಗಿ ಕಡಿಮೆ ಬರುತ್ತದೆ. ಕಾಯಿಲೆಯಿಲ್ಲದೆ ಬರೀ ಆ ಗುಣ ಹೊತ್ತವರಲ್ಲೂ ಕೆಲವು ಯಂತ್ರಗಳು ತಪ್ಪು ಓದುತ್ತವೆ. ಕಬ್ಬಿಣಾಂಶ ಕಡಿಮೆಯಾದ ರಕ್ತಹೀನತೆಯಲ್ಲಿ ಇದಕ್ಕೆ ಉಲ್ಟಾ. ಸಕ್ಕರೆ ಸರಿಯಿದ್ದರೂ ಅಂಕಿ ಮೇಲೆ ತೋರಿಸಬಹುದು. ಕರ್ನಾಟಕದ ಹೆಣ್ಣುಮಕ್ಕಳಲ್ಲಿ ಹೆಚ್ಚೂಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆಯೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳಿರುವಾಗ ಇದು ಸಣ್ಣ ಮಾತಲ್ಲ. ಶಿಬಿರಗಳಲ್ಲಿ ಎಚ್‌ಬಿಎ1ಸಿ ಒಂದನ್ನೇ ಮಾಡಿ, ಹಿಮೋಗ್ಲೋಬಿನ್ ನೋಡದೆ, ಚೀಟಿ ಹಂಚಿ ಹೋಗುವುದನ್ನು ನಾನು ಒಪ್ಪುವುದಿಲ್ಲ. ಹಾಡಿಯ ಹೆಂಗಸಿನ 5.4ಕ್ಕೂ ಮೈಸೂರಿನ ಕುವೆಂಪುನಗರದ ಹೆಂಗಸಿನ 5.4ಕ್ಕೂ ಅರ್ಥ ಒಂದೇ ಆಗಬೇಕಾಗಿಲ್ಲ.

ಅಂಕಿ ಇಷ್ಟು ಅಲುಗಾಡುವಂಥದ್ದು ಎಂದಾದ ಮೇಲೆ ಅದಕ್ಕೆ ಆಸರೆ ಕೊಡುವುದು ಮನೆಯ ಚರಿತ್ರೆ. ಆದರೆ ನಮ್ಮಲ್ಲಿ ಅದನ್ನು ಕೇಳಿ ನೋಡಿ. ಪಿರಿಯಾಪಟ್ಟಣ ಕಡೆಯಿಂದ ಬಂದಿದ್ದ ನಲವತ್ತರ ಆಸುಪಾಸಿನ ರೈತರೊಬ್ಬರನ್ನು ಕೇಳಿದ್ದೆ:

“ಮನೇಲಿ ಯಾರಿಗಾದ್ರೂ ಶುಗರ್ ಇತ್ತಾ ಅಣ್ಣ?”

“ಯಾರ್ಗೂ ಇಲ್ಲ ಸಾರ್. ನಮ್ದು ಗಟ್ಟಿ ವಂಶ.”

“ಅಪ್ಪ ಇದ್ದಾರಾ?”

“ತೀರ್ಕೊಂಡ್ರು. ಕಾಲಿಗೆ ಮುಳ್ಳು ಚುಚ್ಚಿ ನಂಜಾಗೋಯ್ತು. ಹೆಬ್ಬೆಟ್ಟು ತೆಗೆದ್ರು, ಆಮೇಲೆ ಮಂಡಿವರ್ಗೂ ತೆಗೆದ್ರು.”

“ಅವ್ವ?”

“ಕಣ್ ಕಾಣಾಕಿಲ್ಲ. ವಯಸ್ಸಾಯ್ತಲ್ಲ.”

“ಅತ್ತೆ, ಚಿಕ್ಕಪ್ಪ?”

“ಚಿಕ್ಕಪ್ಪನ್ಗೆ ಮೈಸೂರಲ್ಲಿ ಡಯಾಲಿಸಿಸ್ಸು. ಅದು ಕಿಡ್ನಿ ಸಾರ್, ಶುಗರ್ ಅಲ್ಲ.”

ಮುಳ್ಳು, ವಯಸ್ಸು, ಕಿಡ್ನಿ. ಬಿಡಿಬಿಡಿಯಾಗಿ ನೋಡಿದರೆ ಮೂರಕ್ಕೂ ಬೇರೆ ಕಾರಣ ಇರಬಹುದು. ಒಟ್ಟಿಗೆ ನೋಡಿದರೆ ಆ ಮನುಷ್ಯನ 109ಕ್ಕೆ ನಾನು ಕೂಡಲೇ ಗ್ಲುಕೋಸ್ ಕುಡಿಸಿ ನೋಡಬೇಕೆನ್ನುತ್ತೇನೆ. ಹಿಂದಿನ ತಲೆಮಾರಿನವರು ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ ಹೋದವರು. ಕಾಯಿಲೆಗೆ ಹೆಸರಿಡುವ ಮೊದಲೇ ತೀರಿಕೊಂಡವರ ಮನೆಯಲ್ಲಿ ಕಾಯಿಲೆಯೇ ಇರಲಿಲ್ಲ ಎಂದು ಬರೆದುಕೊಳ್ಳುವುದು ಯಾವ ಲೆಕ್ಕ? ಹೆಸರು ಗೊತ್ತಿದ್ದೂ ಹೇಳದವರದು ಇನ್ನೊಂದು ಕಥೆ. ಹೆಣ್ಣು ನೋಡಲು ಬರುವವರ ಕಿವಿಗೆ ಬೀಳಬಾರದೆಂದು ತಾಯಿಯ ಮಾತ್ರೆ ಡಬ್ಬಿ ಅಕ್ಕಿ ಮೂಟೆಯ ಹಿಂದೆ ಸೇರುತ್ತದೆ. ಮದುವೆಯಾಗಿ ಹೋದ ಮಗಳಿಗೇ ಅವ್ವನ ಕಾಯಿಲೆ ಗೊತ್ತಿಲ್ಲದ ಮನೆಗಳಿವೆ.

ಸಾಮಾನ್ಯವಾಗಿ ವೈದ್ಯರು ಹೇಳುವ ಲೆಕ್ಕ ಇದು: ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಜೀವಮಾನದಲ್ಲಿ ಮಕ್ಕಳಿಗೆ ಬರುವ ಸಾಧ್ಯತೆ ನೂರಕ್ಕೆ ನಲವತ್ತರ ಹತ್ತಿರ, ಇಬ್ಬರಿಗೂ ಇದ್ದರೆ ಎಪ್ಪತ್ತರ ಹತ್ತಿರ. ನಮ್ಮ ಸೀಮೆಯಲ್ಲಿ ಇದಕ್ಕೊಂದು ತೊಡಕು. ಅಕ್ಕನ ಮಗಳನ್ನು ತಂದುಕೊಳ್ಳುವ, ಸೋದರತ್ತೆ ಮಗನಿಗೆ ಕೊಡುವ ರೂಢಿ ಇರುವ ಕಡೆ ತಂದೆ ಕಡೆ, ತಾಯಿ ಕಡೆ ಎಂದು ಎರಡು ಕಡೆ ಎಲ್ಲಿಂದ ಬಂತು? ಅಜ್ಜಿ ಒಬ್ಬಳೇ.

ನಮ್ಮ ಮನೆಯನ್ನೇ ಹೇಳುತ್ತೇನೆ. ಅವ್ವ ಬೆಟ್ಟದಪುರದ ಕಡೆಯವಳು. ಕಣ್ಣಿನ ಪೊರೆ ತೆಗೆಸಲು ಹೋದಾಗ ಸಕ್ಕರೆ 280 ಇದೆಯೆಂದು ಗೊತ್ತಾಯಿತು. ಎಷ್ಟು ವರ್ಷದಿಂದ ಇತ್ತೋ. ನನ್ನದು ಖಾಲಿ ಹೊಟ್ಟೆಯಲ್ಲಿ 112, ಗ್ಲುಕೋಸ್ ಕುಡಿದ ಮೇಲೆ 163. ಅಕ್ಕನನ್ನು ಕೊಟ್ಟಿರುವುದು ಕೆ.ಆರ್. ನಗರದ ಕಡೆ, ಚುಂಚನಕಟ್ಟೆ ಹತ್ತಿರದ ನಾಲೆ ಬಯಲಿನ ಊರಿಗೆ. ಫೋನ್ ಮಾಡಿ ಪರೀಕ್ಷೆ ಮಾಡಿಸಿಕೋ ಅಂದರೆ “ನಂಗೇನಾಗದೆ ಬುಡಪ್ಪ, ಈಗ್ಲೂ ನಾಟಿ ಗದ್ದೆಗೆ ಇಳೀತೀನಿ” ಅಂದಳು. ಭಾವನನ್ನೂ ಜೊತೆಗೆ ಕರೆದುಕೊಂಡು ಬಾ, ಇಬ್ಬರಿಗೂ ಮಾಡೋಣ ಎಂದ ಮೇಲೆ ಬಂದಳು. ಭಾವನದು ಎಲ್ಲ ಸರಿಯಿತ್ತು. ಅಕ್ಕನದು ಖಾಲಿ ಹೊಟ್ಟೆಯಲ್ಲಿ 101, ಎರಡು ಗಂಟೆಗೆ 218. ಬೆಳಗಿನದಷ್ಟೇ ನೋಡಿ ಬಿಟ್ಟಿದ್ದರೆ ಅವಳೂ ಗಟ್ಟಿ ವಂಶವೇ. ಇನ್ನೊಂದು ದಿನ ಮತ್ತೆ ನೋಡಿ ಖಾತ್ರಿ ಮಾಡಿಕೊಂಡು ಡಾಕ್ಟರು ಮಾತ್ರೆ ಬರೆದರು. ಅವಳ ಮಗಳನ್ನು ನಮ್ಮ ತಮ್ಮನಿಗೇ ತಂದುಕೊಂಡಿದ್ದೇವೆ, ಅವರಿರುವುದು ಎಚ್.ಡಿ. ಕೋಟೆಯಲ್ಲಿ. ಆ ಹುಡುಗಿಗೆ ಎರಡನೇ ಬಸಿರಿನಲ್ಲಿ ಏಳನೇ ತಿಂಗಳಿಗೆ ಸಕ್ಕರೆ ಬಂದಿತ್ತು. ಹೆರಿಗೆಯಾಯಿತು, ಸಕ್ಕರೆ ಇಳಿಯಿತು, “ಹೋಯ್ತಲ್ಲ, ಇನ್ನೇನೂ ಇಲ್ಲ” ಎಂದು ಕಳಿಸಿದರು. ತಾಯಿ ಕಾರ್ಡು ಟ್ರಂಕಿಗೆ ಸೇರಿತು. ಬಸಿರಿನಲ್ಲಿ ಸಕ್ಕರೆ ಬಂದ ಹೆಂಗಸಿಗೆ ಮುಂದೆ ಮಧುಮೇಹ ಬರುವ ಸಾಧ್ಯತೆ ಉಳಿದವರಿಗಿಂತ ಏಳು ಪಟ್ಟಿಗೂ ಹೆಚ್ಚು. ಹೆರಿಗೆಯಾಗಿ ಆರು ವಾರಕ್ಕೆ ಗ್ಲುಕೋಸ್ ಕುಡಿಸಿ ನೋಡಬೇಕು, ಆಮೇಲೆ ವರ್ಷ ವರ್ಷ ನೋಡುತ್ತಿರಬೇಕು ಎಂಬುದು ಹೊಸ ಮಾತೇನಲ್ಲ. ಆರನೇ ವಾರಕ್ಕೆ ಬಾಣಂತಿ ತವರಲ್ಲಿ ಕಿವಿಗೆ ಹತ್ತಿ ಇಟ್ಟು ಮಲಗಿರುತ್ತಾಳೆ. ಬಾ ಎಂದು ಕರೆಯುವವರು ಯಾರು?

ಮನೆ, ಬಸಿರು, ಸಕ್ಕರೆ ಇವುಗಳ ನಂಟು ಜಗತ್ತಿಗೆ ಗೊತ್ತಾಗುವುದರಲ್ಲಿ ನಮ್ಮ ಜಿಲ್ಲೆಯದೇ ದೊಡ್ಡ ಪಾಲಿದೆ ಎಂಬುದು ಇಲ್ಲಿನವರಿಗೇ ತಿಳಿದಿಲ್ಲ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಮಿಷನ್ ಆಸ್ಪತ್ರೆ, ಅಂದರೆ 1906ರಲ್ಲಿ ಶುರುವಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, 1934ರಿಂದ ಅಲ್ಲಿ ಹುಟ್ಟಿದ ಕೂಸುಗಳ ತೂಕ, ಉದ್ದ ಎಲ್ಲವನ್ನೂ ಬರೆದಿಟ್ಟುಕೊಂಡಿತ್ತು. ಆ ದಫ್ತರ ಹಿಡಿದು ಸಂಶೋಧಕಿ ಕ್ಯಾರೊಲೈನ್ ಫಾಲ್ ಮತ್ತು ಜೊತೆಯವರು, 1934ರಿಂದ 1953ರ ನಡುವೆ ಹುಟ್ಟಿ ಇನ್ನೂ ಊರಲ್ಲಿದ್ದ 500ಕ್ಕೂ ಹೆಚ್ಚು ಜನರನ್ನು ಹುಡುಕಿ ಗ್ಲುಕೋಸ್ ಪರೀಕ್ಷೆ ಮಾಡಿದರು. ಅದರ ಫಲ 1998ರಲ್ಲಿ ಪ್ರಕಟವಾಯಿತು. ಬ್ರಿಟನ್ನಿನಲ್ಲಿ ಕಂಡಿದ್ದು ಹುಟ್ಟಿದಾಗ ಕಡಿಮೆ ತೂಕವಿದ್ದವರಿಗೆ ಮಧುಮೇಹ ಹೆಚ್ಚು ಎಂದು. ಮೈಸೂರಿನಲ್ಲಿ ಕಂಡಿದ್ದು ಬೇರೆ: ಹುಟ್ಟಿದಾಗ ಉದ್ದ ಕಡಿಮೆಯಿದ್ದು ದುಂಡಗಿದ್ದವರಿಗೆ, ತೂಕ ಹೆಚ್ಚಿದ್ದ ತಾಯಂದಿರ ಮಕ್ಕಳಿಗೆ ಹೆಚ್ಚು. ಹಾಗಿದ್ದರೆ ಆ ತಾಯಂದಿರಿಗೇ ಬಸಿರಿನಲ್ಲಿ ಸಕ್ಕರೆ ಇತ್ತೇ ಎಂಬ ಗುಮಾನಿ ಬಂತು. ಅದನ್ನು ನೋಡಲು 1997-98ರಲ್ಲಿ ಅದೇ ಆಸ್ಪತ್ರೆಯಲ್ಲಿ ‘ಪಾರ್ಥೆನಾನ್’ ಅಧ್ಯಯನ ಶುರುವಾಯಿತು. 785 ಬಸುರಿಯರಿಗೆ ಗ್ಲುಕೋಸ್ ಪರೀಕ್ಷೆ, ನೂರಕ್ಕೆ 6.2ರಷ್ಟು ಮಂದಿಗೆ ಸಕ್ಕರೆ. ಆ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡದವರು ಬಿಡದೆ ಹಿಂಬಾಲಿಸಿದರು. ಐದನೇ ವಯಸ್ಸಿಗೇ ಸಕ್ಕರೆ ಇದ್ದ ತಾಯಂದಿರ ಹೆಣ್ಣುಮಕ್ಕಳ ಮೈಯಲ್ಲಿ ಕೊಬ್ಬು ಹೆಚ್ಚು, ಇನ್ಸುಲಿನ್ ಹೆಚ್ಚು. ಒಂಬತ್ತು ದಾಟುವಾಗ ಗಂಡುಮಕ್ಕಳಲ್ಲೂ ಅದೇ. ಮಗು ನೋಡಲು ದುಂಡುದುಂಡಗಿದೆ ಎಂದು ನಾವು ದೃಷ್ಟಿ ತೆಗೆಯುತ್ತಿದ್ದ ಕಾಲಕ್ಕೆ ಅವರು ಚರ್ಮದ ಕೆಳಗಿನ ಕೊಬ್ಬನ್ನು ಅಳೆಯುತ್ತಿದ್ದರು. ನಮ್ಮ ತಮ್ಮನ ಎರಡನೇ ಮಗುವಿನ ವಿಚಾರ ನನಗೆ ತಲೆಗೆ ಹತ್ತಿದ್ದು ಇದನ್ನು ಓದಿದ ಮೇಲೆ.

ಸೂಜಿಯಿಲ್ಲದೆ ಮೊದಲ ಲೆಕ್ಕ ಹಾಕಿಕೊಳ್ಳುವ ದಾರಿಯೂ ಇದೆ. ಚೆನ್ನೈನ ಡಾ. ವಿ. ಮೋಹನ್ ತಂಡ 2005ರಲ್ಲಿ ಕೊಟ್ಟ ಭಾರತೀಯ ಮಧುಮೇಹ ಅಪಾಯಾಂಕ. ದರ್ಜಿಯ ಟೇಪೊಂದಿದ್ದರೆ ಸಾಕು. ನಮ್ಮ ಅಕ್ಕನ ದೊಡ್ಡ ಮಗನನ್ನೇ ತೆಗೆದುಕೊಳ್ಳಿ. ಕೆ.ಆರ್. ನಗರದಲ್ಲಿ ಟ್ಯಾಕ್ಸಿ ಓಡಿಸುತ್ತಾನೆ. ವಯಸ್ಸು 35ರಿಂದ 49ರೊಳಗೆ, 20 ಅಂಕ. ಸೊಂಟದ ಸುತ್ತಳತೆ 96 ಸೆಂಟಿಮೀಟರ್. ಗಂಡಸಿಗೆ 90ರಿಂದ 99ರ ನಡುವೆ 10. ದಿನವಿಡೀ ಕೂತ ಕೆಲಸ, ನಡಿಗೆಯಿಲ್ಲ, 30. ತಾಯಿಗೆ ಇದೆ, 10. ಒಟ್ಟು 70. ಅರವತ್ತು ಮುಟ್ಟಿದರೆ ಅಪಾಯ ಹೆಚ್ಚು ಎಂದು ಲೆಕ್ಕ. ಅದೇ ವಯಸ್ಸಿನ, ಅವನಂತೆಯೇ ತಾಯಿಗೆ ಸಕ್ಕರೆ ಇರುವ, ಹೊಗೆಸೊಪ್ಪಿನ ಹೊಲದಲ್ಲಿ ಮುರಿದು ದುಡಿಯುವ, ಸೊಂಟ 76ರ ಹೆಂಗಸಿಗೆ ಬರುವುದು ಬರೀ 30. ವಯಸ್ಸನ್ನೂ ತಾಯಿಯನ್ನೂ ಬದಲಿಸಲಾಗದು. ನಮ್ಮ ಹುಡುಗನ 70ರಲ್ಲಿ 40 ಅಂಕ ಸೊಂಟದ್ದು, ಕೂತದ್ದು. ಅದನ್ನು ಅವನಿಗೆ ಕಾಗದದಲ್ಲಿ ಬರೆದು ತೋರಿಸಿದಾಗ ಅವನು ಅಂದದ್ದು: “ಮಾವ, ಹಂಗಾದ್ರೆ ಅವ್ವಂದು ಬರೀ ಹತ್ತೇನಾ?”

ಊಟದ ವಿಷಯಕ್ಕೆ ಬಂದರೆ ನಮ್ಮವರಿಗೆ ರಾಗಿಯ ಮೇಲೆ ಅಪಾರ ಭಕ್ತಿ. ಭತ್ತದ ನಾಡಾದ ಕೆ.ಆರ್. ನಗರದವರಿಗೆ ಶುಗರ್ ಬರುತ್ತದೆ, ಕೋಟೆ ಕಡೆ ಮುದ್ದೆ ತಿನ್ನುವವರಿಗೆ ಬರುವುದಿಲ್ಲ ಎಂದು ಎದೆ ತಟ್ಟಿ ಹೇಳುವವರಿದ್ದಾರೆ. ನನ್ನ ರಿಜಿಸ್ಟರು ಹಾಗೆ ಹೇಳುವುದಿಲ್ಲ. ದೇಶದಾದ್ಯಂತ ಮಧುಮೇಹ ಸಮೀಕ್ಷೆ ನಡೆಸಿದ ಐಸಿಎಂಆರ್-ಇಂಡಿಯಾಬ್ ತಂಡ 2025ರಲ್ಲಿ ಪ್ರಕಟಿಸಿದ ಊಟದ ಅಧ್ಯಯನವೂ ಹಾಗೆ ಹೇಳಿಲ್ಲ. ಭಾರತೀಯರ ಊಟದ ಶಕ್ತಿಯಲ್ಲಿ ನೂರಕ್ಕೆ 62ರಷ್ಟು ಪಿಷ್ಟ, ಸಕ್ಕರೆಗಳಿಂದಲೇ ಬರುತ್ತದೆ. ಅಷ್ಟೇ ಪ್ರಮಾಣವನ್ನು ಅಕ್ಕಿಯ ಬದಲು ಗೋಧಿ ಹಿಟ್ಟಿಗೋ ಸಿರಿಧಾನ್ಯದ ಹಿಟ್ಟಿಗೋ ಬದಲಾಯಿಸಿದ ಮಾತ್ರಕ್ಕೆ ಅಪಾಯ ಕಡಿಮೆಯಾಗಲಿಲ್ಲ. ಅದರ ಒಂದು ಪಾಲನ್ನು ಕಾಳು, ಹಾಲು, ಮೊಟ್ಟೆಗಳಂಥ ಪ್ರೋಟೀನಿಗೆ ಬಿಟ್ಟುಕೊಟ್ಟಾಗ ಕಡಿಮೆಯಾಗುವುದು ಕಂಡಿತು. ಮುದ್ದೆ ತಪ್ಪು ಮಾಡಿಲ್ಲ. ಟಿಲ್ಲರ್ ಬಂದ ಮೇಲೂ ನೇಗಿಲಿನ ಕಾಲದ ಗಾತ್ರದಲ್ಲೇ ಮುದ್ದೆ ಕಟ್ಟುತ್ತಿದ್ದೇವೆ, ಜೊತೆಗೆ ಹುರುಳಿ ಸಾರಿನ ಕಾಳು ತಳಕ್ಕೆ ಬಿಟ್ಟು ತಿಳಿ ಸುರಿದುಕೊಳ್ಳುತ್ತಿದ್ದೇವೆ. ಬೀಡಿ ಸಿಗರೇಟಿನ ಬಗ್ಗೆ ಹೊಗೆಸೊಪ್ಪಿನ ಸೀಮೆಯಲ್ಲಿ ಮಾತಾಡುವುದು ನಾಜೂಕು. ಸೇದುವವರಿಗೆ ಮಧುಮೇಹದ ಅಪಾಯ ನೂರಕ್ಕೆ ಮೂವತ್ತು ನಲವತ್ತರಷ್ಟು ಹೆಚ್ಚು ಎಂದಷ್ಟೇ ಹೇಳಿ ಮುಂದೆ ಹೋಗುತ್ತೇನೆ.

ನಡುಪಟ್ಟಿಗೆ ಬಂದವರೆಲ್ಲ ಮುಂದಿನ ಊರಿಗೆ ಹೋಗಿಯೇ ತೀರುತ್ತಾರೆಯೇ? ಇಲ್ಲ. ಡಾ. ಎ. ರಾಮಚಂದ್ರನ್ ಅವರ ಭಾರತೀಯ ಮಧುಮೇಹ ತಡೆ ಅಧ್ಯಯನದ ಫಲ 2006ರಲ್ಲಿ ಬಂತು. ಗ್ಲುಕೋಸ್ ಪರೀಕ್ಷೆಯಲ್ಲಿ ನಡುಪಟ್ಟಿಗೆ ಬಿದ್ದ 531 ಜನ. ಮಾಮೂಲಿ ಸಲಹೆ ಕೊಟ್ಟು ಬಿಟ್ಟವರಲ್ಲಿ ಮೂರು ವರ್ಷದೊಳಗೆ ನೂರಕ್ಕೆ 55 ಮಂದಿಗೆ ಮಧುಮೇಹ. ನಡಿಗೆ, ಊಟ ತಿದ್ದಿದವರಲ್ಲಿ 39. ಮೆಟ್‌ಫಾರ್ಮಿನ್ ಮಾತ್ರೆ ಕೊಟ್ಟವರಲ್ಲಿ 40ರ ಹತ್ತಿರ. ಎರಡೂ ಸೇರಿಸಿದರೆ ಹೆಚ್ಚಿನ ಲಾಭವಿಲ್ಲ. ಈ ಅಂಕಿಗಳನ್ನು ಎರಡೂ ಕಡೆಯಿಂದ ನೋಡಬೇಕು. ಏನೂ ಮಾಡದಿದ್ದರೂ ನೂರಕ್ಕೆ 45 ಮಂದಿ ಆ ಅವಧಿಯಲ್ಲಿ ದಾಟಲಿಲ್ಲ. ಎಲ್ಲ ಮಾಡಿದರೂ 39 ಮಂದಿ ದಾಟಿದರು. ಹೀಗಿರುವುದರಿಂದಲೇ 100, 105ಕ್ಕೆಲ್ಲ ಕಾಯಿಲೆಯ ಹೆಸರಿಟ್ಟು ಆರೋಗ್ಯವಾಗಿರುವವರನ್ನು ರೋಗಿಗಳ ಸಾಲಿಗೆ ನಿಲ್ಲಿಸುತ್ತಿದ್ದೀರಿ ಎಂಬ ಆಕ್ಷೇಪ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲೇ ಬಂದಿತ್ತು. ಅದರಲ್ಲಿ ಹುರುಳಿದೆ. 2023ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ಇಂಡಿಯಾಬ್ ವರದಿ ದೇಶದಲ್ಲಿ 10.1 ಕೋಟಿ ಜನಕ್ಕೆ ಮಧುಮೇಹ, 13.6 ಕೋಟಿ ಜನ ನಡುಪಟ್ಟಿಯಲ್ಲಿ ಎಂದಿತು. 13.6 ಕೋಟಿ ಎಂದರೆ ನಮ್ಮಂಥ ಲ್ಯಾಬಿನವರ ಬಾಯಲ್ಲಿ ನೀರೂರುತ್ತದೆ. ಐವತ್ತು ಚಿಲ್ಲರೆ ಪರೀಕ್ಷೆಯ ಪ್ಯಾಕೇಜುಗಳು ಹುಟ್ಟುವುದೇ ಹೀಗೆ. ನಡುಪಟ್ಟಿಯ ಎಲ್ಲರ ಹಿಂದೆಯೂ ಬೀಳಬೇಕಿಲ್ಲ. ಮನೆಯಲ್ಲಿ ಕಾಯಿಲೆ ಇರುವ 112ರ ಹಿಂದೆ ಬೀಳಿ ಎನ್ನುತ್ತೇನೆ.

ಅದಕ್ಕೆ ಸರ್ಕಾರದ ಕೈಯಲ್ಲಿ ಆಗಲೇ ಎಲ್ಲ ಇದೆ. ಅಸಾಂಕ್ರಾಮಿಕ ರೋಗಗಳ (ಎನ್‌ಸಿಡಿ) ರಾಷ್ಟ್ರೀಯ ಕಾರ್ಯಕ್ರಮ 2010ರಿಂದ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ ಕ್ಲಿನಿಕ್ಕುಗಳಿವೆ, 2024ರಲ್ಲಿ ಕೋಲಾರದಿಂದ ಶುರುವಾದ ಗೃಹ ಆರೋಗ್ಯ ಯೋಜನೆ ಮನೆ ಬಾಗಿಲಿಗೇ ಬರುತ್ತದೆ. ಆಶಾ ಕಾರ್ಯಕರ್ತೆ ಮೂವತ್ತು ದಾಟಿದವರಿಗೆ ತುಂಬುವ ನಮೂನೆಯಲ್ಲಿ “ನಿಮ್ಮ ತಂದೆತಾಯಿ, ಒಡಹುಟ್ಟಿದವರಿಗೆ ಬಿ.ಪಿ., ಶುಗರ್, ಹೃದಯದ ಕಾಯಿಲೆ ಇದೆಯೇ?” ಎಂಬ ಪ್ರಶ್ನೆಯೂ ಇದೆ, ಹೌದೆಂದರೆ ಎರಡು ಅಂಕ. ಆದರೆ ಈ ಪ್ರಶ್ನೆ ಒಂದೇ ದಿಕ್ಕಿಗೆ ಹರಿಯುತ್ತದೆ. ಮನೆಯವರಿಂದ ಈ ಮನುಷ್ಯನ ಅಪಾಯ ತಿಳಿಯುತ್ತದೆ. ಈ ಮನುಷ್ಯನಿಂದ ಮನೆಯವರ ಅಪಾಯಕ್ಕೆ ಯಾರೂ ಹೋಗುವುದಿಲ್ಲ. ಹುಣಸೂರಿನಲ್ಲಿ ಒಬ್ಬನಿಗೆ ಮಧುಮೇಹ ಎಂದು ಪುಸ್ತಕದಲ್ಲಿ ಬರೆದುಕೊಂಡ ದಿನ ಕೆ.ಆರ್. ನಗರದ ಅವನ ಅಕ್ಕನಿಗೆ, ಕೋಟೆಯ ತಮ್ಮನಿಗೆ ಹೇಳಿಕಳಿಸುವ ಏರ್ಪಾಡು ಇಲ್ಲ. ಕ್ಷಯ ಬಂದರೆ ಮನೆಮಂದಿಯನ್ನೆಲ್ಲ ಕರೆದು ನೋಡುತ್ತಾರೆ. ಇದು ಅಂಟುವುದಿಲ್ಲ, ನಿಜ. ಮನೆಯಲ್ಲಿ ಹರಡಿಕೊಂಡಿರುತ್ತದೆ ಎಂಬುದೂ ಅಷ್ಟೇ ನಿಜ.

ಗುಟ್ಟು ರಟ್ಟಾಗುತ್ತದೆ, ಮದುವೆಗಳು ಮುರಿಯುತ್ತವೆ ಎನ್ನುವರು. ಆ ಭಯ ಸುಳ್ಳಲ್ಲ. ಅದಕ್ಕೇ ರೋಗಿಯ ಹೆಸರು ಹೇಳುವ ಅಗತ್ಯವಿಲ್ಲದ ಹಾಗೆ ಮಾಡಬೇಕು. ರೋಗಿಯನ್ನೇ ಕೇಳಿ, ಒಪ್ಪಿದರೆ ಮಾತ್ರ, ಒಡಹುಟ್ಟಿದವರ ಮತ್ತು 25 ದಾಟಿದ ಮಕ್ಕಳ ಊರು ಬರೆದುಕೊಂಡು ಆಯಾ ಊರಿನ ಆಶಾಗೆ “ಈ ಮನೆಯವರಿಗೆ ಗ್ಲುಕೋಸ್ ಪರೀಕ್ಷೆ ಆಗಲಿ” ಎಂದಷ್ಟೇ ತಿಳಿಸಿದರೆ ಸಾಕು. ಬಸಿರಿನಲ್ಲಿ ಸಕ್ಕರೆ ಬಂದವರ ತಾಯಿ ಕಾರ್ಡಿನ ಮೇಲೆ ಕೆಂಪು ಶಾಯಿಯಲ್ಲಿ ಆರನೇ ವಾರದ ತಾರೀಖು, ಆಮೇಲೆ ವರ್ಷಕ್ಕೊಂದು ತಾರೀಖು. ಕೂಸಿಗೆ ಚುಚ್ಚುಮದ್ದು ಹಾಕಿಸಲು ಒಂದೂವರೆ ತಿಂಗಳಿಗೆ ತಾಯಿ ಹೇಗೂ ಬರುತ್ತಾಳೆ. ಅದೇ ದಿನ ಅವಳಿಗೂ ಒಂದು ಲೋಟ ಗ್ಲುಕೋಸ್ ಕೊಟ್ಟು ಎರಡು ಗಂಟೆ ಕೂರಿಸಿದರಾಯಿತು. ಹಾಡಿಗಳಲ್ಲಿ ಎಚ್‌ಬಿಎ1ಸಿ ಒಂದನ್ನೇ ನಂಬದಂತೆ ಜಿಲ್ಲೆಯಿಂದ ಒಂದು ಸುತ್ತೋಲೆ. ಇದಕ್ಕೆಲ್ಲ ಹೊಸ ಯಂತ್ರ ಬೇಕಿಲ್ಲ, ಹೊಸ ಹುದ್ದೆ ಬೇಕಿಲ್ಲ. ಹೊಸ ನಮೂನೆ ಅಚ್ಚಾಗಿ ಬರುವವರೆಗೆ ಕಾಯಬೇಕೆಂದೂ ಇಲ್ಲ. ಎನ್‌ಸಿಡಿ ಪುಸ್ತಕದಲ್ಲಿ ಪ್ರತಿ ರೋಗಿಯ ಎದುರಿನ ಹಾಳೆ ಹೇಗೂ ಖಾಲಿ ಬಿಟ್ಟಿರುತ್ತಾರೆ.